ಪಾಯಪ್ಪನ ಸಿಗ್ನಲ್ ಪಾಳಿ

ತೇರದಾಳದ ಬಸದಿ ಹಿಂದಿನ ಓಣಿಯಲ್ಲಿ ಪಾಯಪ್ಪನ ಮನೆ ಯಾವುದು ಅಂತ ಯಾರನ್ನೂ ಕೇಳುವ ಪ್ರಸಂಗವೇ ಇರಲಿಲ್ಲ. ತಲೆ ಎತ್ತಿದರೆ ಸಾಕು. ಮೂವತ್ತು ಅಡಿ ಎತ್ತರದ ಕಬ್ಬಿಣದ ಪೈಪು, ಅದರ ತುದಿಗೆ ಹನ್ನೊಂದು ಕಡ್ಡಿಗಳ ಆಂಟೆನಾ, ಅದರ ಮೇಲೆ ಒಂದೆರಡು ಕಾಗೆ. ಬೋರಿಗೆ ಇಳಿಸಬೇಕಾದ ಪೈಪನ್ನು ಆಕಾಶಕ್ಕೆ ಏರಿಸಿದ ಏಕೈಕ ರೈತ ಎಂಬ ಕೀರ್ತಿ ಅವನದು. ಮೂವತ್ತೈದು ವರ್ಷದ ಹಿಂದೆ ಇಡೀ ಓಣಿಗೆ ಇದ್ದದ್ದು ಒಂದೇ ಟೀವಿ. ರವಿವಾರ ಮುಂಜಾನೆ ಧಾರಾವಾಹಿ ನೋಡಲು ಓಣಿಗೆ ಓಣಿಯೇ ಇವನ ಪಡಸಾಲೆಯಲ್ಲಿ ಕೂತಿರುತ್ತಿತ್ತು. ಚಿತ್ರ ಅಲುಗಿದಾಗಲೆಲ್ಲ "ಪಾಯಪ್ಪಾ, ಸ್ವಲ್ಪ ತಿರುವೋ" ಅಂತ ಕೆಳಗಿನವರು ಕೂಗುವುದು, ಮಾಳಿಗೆ ಮೇಲೆ ನಿಂತು ಇವನು ಪೈಪು ತಿರುವುವುದು. ಹೀಗಾಗಿ ಆ ಧಾರಾವಾಹಿಗಳ ಒಂದೇ ಒಂದು ಕಂತನ್ನೂ ಪಾಯಪ್ಪ ನೋಡಲಿಲ್ಲ ಎನ್ನುವುದು ಬೇರೆ ಮಾತು. ತೋರಿಸಿದವನು ಅವನು ತಾನೇ!

ಆಮೇಲೆ ಕಾಲ ಕೆಟ್ಟಿತು. ಓಣಿಯ ಏಳು ಮನೆಗಳ ಮೇಲೆ ಏಳು ಡಿಶ್ ಬಂದು ಕೂತವು. ಎದುರು ಮನೆಯ ಪಾಂಡಪ್ಪನ ಮಾಳಿಗೆಯ ಮೇಲೂ ಒಂದು ಬಂತು. ಈ ಪಾಂಡಪ್ಪನ ಅಪ್ಪ ಕುರಿ ಹಟ್ಟಿಗೆ ಹೊಡೆದು ಬಂದು, ಕಂಬಳಿ ಸುತ್ತಿಕೊಂಡು, ಪಾಯಪ್ಪನ ಹೊಸ್ತಿಲ ಮೇಲೆ ಕೂತು ಟೀವಿ ನೋಡಿದವನು. ಅವನ ಮಗ ಈಗ ಮುನ್ನೂರು ಚಾನೆಲ್ ನೋಡುತ್ತಾನೆ. ಪಾಯಪ್ಪನ ಟೀವಿಗೆ ಬರುತ್ತಿದ್ದದ್ದು ಒಂದೇ ಸರ್ಕಾರಿ ಚಾನೆಲ್. ಡಿಶ್ ಹಚ್ಚಿಸಿಕೋ ಅಂತ ಯಾರಾದರೂ ಹೇಳಿದರೆ ಅವನದು ಸಿದ್ಧ ಉತ್ತರ: "ಆಕಾಶಕ್ಕ ತಾಟ ಹಿಡದು ಬೇಡೂದು ನಮ್ಮ ಮನೆತನಕ್ಕ ಬಂದಿಲ್ಲ."

ತಿಂಗಳ ಹಿಂದೆ ಆ ಸರ್ಕಾರಿ ಚಾನೆಲ್ಲಿನ ಕೃಷಿ ಕಾರ್ಯಕ್ರಮದವರು ಕ್ಯಾಮೆರಾ ತಗೊಂಡು ಇವನ ಮನೆಗೇ ಬಂದರು. ಕಬ್ಬಿನ ಬಗ್ಗೆ ಎರಡು ಮಾತು ಹೇಳಿ ಅಂದರು. ಪಾಯಪ್ಪ ತನ್ನ ಮದುವೆಯ ಕೋಟು ತೊಟ್ಟು ನಲವತ್ತು ನಿಮಿಷ ಹೇಳಿದ. ಕ್ಯಾಮೆರಾ ಹೊತ್ತವನು ಮೂರು ಸಲ ಭುಜ ಬದಲಿಸಿದ. ಕಡೆಗೆ ಅವರು ನೀರು ಕೇಳುತ್ತ ಅಡುಗೆ ಮನೆಗೆ ಹೊಕ್ಕರು. ಅಲ್ಲಿ ಪಾಯಪ್ಪನ ಹೆಂಡತಿ ರಾಜಮತಿ ಬದನೆ, ಹೀರೆ, ಸವತೆ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಗಳಲ್ಲಿ ತುಂಬಿಟ್ಟಿದ್ದಳು. ಅದನ್ನು ನೋಡಿ ಅವಳನ್ನೂ ಒಂದಿಷ್ಟು ಮಾತಾಡಿಸಿ ಹೋದರು. "ಮನಿಗೆ ಬಂದವ್ರು ಹೆಣಮಕ್ಕಳನ್ನ ಮಾತಾಡಸದ ಹೋದರ ಛಂದ ಕಾಣೂದಿಲ್ಲಲ್ಲ" ಅಂತ ಪಾಯಪ್ಪ ಅದಕ್ಕೆ ಕಾರಣ ಕೊಟ್ಟ.

ಮೊನ್ನೆ ಮಂಗಳವಾರ ಚಾನೆಲ್ಲಿನವರ ಫೋನ್ ಬಂತು. ಶನಿವಾರ ಸಂಜೆ ಆರೂವರೆಗೆ ಪ್ರಸಾರ. ಪಾಯಪ್ಪ ಲೋಕಾಪುರದ ತಂಗಿಗೆ, ಮುಧೋಳದ ಸೋದರಮಾವನಿಗೆ, ಬೀಳಗಿಯ ಬೀಗರಿಗೆ, ಬೀಗರ ಬೀಗರಿಗೆ, ಕಡೆಗೆ ತಪ್ಪಿ ಹತ್ತಿದ ಒಂದು ನಂಬರಿಗೂ ಸುದ್ದಿ ಮುಟ್ಟಿಸಿದ. ಓಣಿಯವರಿಗೆಲ್ಲ ಶನಿವಾರ ಐದು ಗಂಟೆಗೆ ಊಟ ಅಂತ ಸಾರಿದ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ಉಂಡು ಕೈ ತೊಳೆದು ಕೂತರೆ ಆರೂವರೆಗೆ ಸರಿಯಾಗಿ ಪಾಯಪ್ಪ ಪರದೆಯ ಮೇಲೆ! ಇಷ್ಟೆಲ್ಲ ಏರ್ಪಾಡು ಮುಗಿಸಿ, ಒಮ್ಮೆ ನೋಡೋಣ ಅಂತ ಟೀವಿ ಹಚ್ಚಿದ. ಬರೀ ಬಿಳಿ ಹುಳ ಮಿಜಿಗುಟ್ಟಿದವು. ಸರ್ರ್ ಅಂತ ಸಪ್ಪಳ.

ಮಾಳಿಗೆ ಹತ್ತಿ ಪೈಪು ಪೂರ್ವಕ್ಕೆ ತಿರುವಿದ, ಪಶ್ಚಿಮಕ್ಕೆ ತಿರುವಿದ. ಕಾಗೆಗಳು ಬೇಸತ್ತು ಹಾರಿಹೋದವು. ಹುಳ ಹೋಗಲಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೇ ಜಮಖಂಡಿಗೆ ಹೋದ. ಗುಡ್ಡದ ಮೇಲಿನ ಟೀವಿ ಟವರಿನ ಗೇಟಿನಲ್ಲಿ ಕಾವಲುಗಾರ ಮುತ್ತಪ್ಪ ಒಬ್ಬನೇ ಶೇಂಗಾ ಸುಲಿಯುತ್ತ ಕೂತಿದ್ದ.

"ಸಾಹೇಬ್ರು ಎಲ್ಲಿ ಅದಾರಪಾ?"

"ಯಾವ ಸಾಹೇಬ್ರು ರೀ? ಸೋಮವಾರ ಮಷಿನ್ ಬಂದ್ ಮಾಡಿ ಹೋದ್ರಲ್ಲ. ಕುರ್ಚಿ ಸುದ್ದ ಒಯ್ದ್ರು. ನಾ ಕಲ್ಲ ಮ್ಯಾಲೆ ಕುಂತೇನಿ ನೋಡ್ರಿ."

"ಮತ್ತ ನೀ ಏನ್ ಕಾಯಾಕತ್ತಿ?"

"ಬ್ಯಾರೆ ಆರ್ಡರ್ ಬರೂ ತನಕಾ ಟವರ್ ಕಾಯಬೇಕಂತ್ರಿ. ಯಾರರ ಹೊತ್ಕೊಂಡ ಹೋದಾರಂತ."

"ನಮ್ಮ ಸಿಗ್ನಲ್ ಎಲ್ಲಿ ಹೋತು?"

"ಈಗೆಲ್ಲ ಡಿಜಿಟಲ್ ಆತಲ್ರಿ ಯಜಮಾನ್ರ. ಸೀದಾ ಉಪಗ್ರಹದಿಂದ ಬರ್ತೈತಿ. ಡಿಶ್ ಇದ್ದವ್ರು ಹಿಡಕೋತಾರ. ನಿಮ್ಮ ಕಡ್ಡಿಗೆ ಸಿಗಾಂಗಿಲ್ರಿ."

ಮುತ್ತಪ್ಪ ಇದಕ್ಕಿಂತ ಬಿಡಿಸಿ ಹೇಳುವುದು ಶಕ್ಯವಿರಲಿಲ್ಲ. ಆದರೆ ಪಾಯಪ್ಪನ ಕಿವಿಗೆ ಬಿದ್ದದ್ದು ನಡುವಿನ ಒಂದೇ ಮಾತು, ಡಿಶ್ ಇದ್ದವರು ಹಿಡಿದುಕೊಳ್ಳುತ್ತಾರೆ. ಬಸ್ಸಿನಲ್ಲಿ ವಾಪಸು ಬರುವಾಗ ಬನಹಟ್ಟಿ ದಾಟುವುದರೊಳಗೆ ಅವನಿಗೆ ಎಲ್ಲ ನಿಚ್ಚಳವಾಯಿತು. ಇವನದು ಹೊಳೆಸಾಲಿನ ಸೀಮೆ. ರೈತರೇ ಕಲ್ಲು ಹೊತ್ತು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡ ಸೀಮೆ. ಇಲ್ಲಿ ಹುಟ್ಟಿದ ಕೂಸಿಗೂ ಒಂದು ಸಂಗತಿ ಗೊತ್ತು: ಮೇಲಿನ ಹೊಲದವನು ದೊಡ್ಡ ಪಂಪು ಇಳಿಸಿದರೆ ಕೆಳಗಿನ ಹೊಲದವನ ಪೈಪಿನಲ್ಲಿ ಗಾಳಿ ಬರುತ್ತದೆ. ಪಾಯಪ್ಪನ ಟೀವಿಯಲ್ಲಿ ಬರುತ್ತಿದ್ದದ್ದೂ ಅದೇ ಗಾಳಿ. ಸರ್ರ್ ಅಂತ ಸಪ್ಪಳ ಸುದ್ದಾ ಅದೇ!

ಮನೆಗೆ ಬಂದವನೇ ಮಾಳಿಗೆ ಹತ್ತಿ ಸುತ್ತ ನೋಡಿದ. ಏಳು ಡಿಶ್, ಏಳರ ಬಾಯಿಯೂ ಒಂದೇ ದಿಕ್ಕಿಗೆ. ಹೊಳೆಯ ದಂಡೆಗೆ ಸಾಲಾಗಿ ಪಂಪು ಕೂರಿಸಿದ ಹಾಗೆ.

"ಲೇ ಪಾಂಡಪ್ಪಾ!" ಅಂತ ಮೇಲಿನಿಂದಲೇ ಕೂಗಿದ. "ಎಷ್ಟ ದಿವಸದಿಂದ ನಡದೈತಿ ಈ ಕೆಲಸ?"

ಪಾಂಡಪ್ಪ ಕುರಿಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದ. "ಮೂರ ದಿವಸಾತ್ರಿ ಸಾವ್ಕಾರ್ರ. ಇದರ ತಾಯಿ ಹಾಲ ಕೊಡವಲ್ದು."

"ಮರೀದ ಅಲ್ಲಲೇ! ನನ್ನ ಸಿಗ್ನಲ್ ಎಳಿಯೂದು!"

ಪಾಂಡಪ್ಪನಿಗೆ ಏನೂ ತಿಳಿಯಲಿಲ್ಲ. ಆದರೆ ಪಾಯಪ್ಪ ಕೆಳಗಿಳಿದು ಬಂದು ನೀರಿನ ಲೆಕ್ಕದಲ್ಲಿ ವಿವರಿಸಿದಾಗ ಅವನ ಮುಖ ಸಣ್ಣದಾಯಿತು. ಅವನೂ ಕಾಲುವೆಯ ತುದಿಗೆ ಎರಡೆಕರೆ ಹೊಲ ಇದ್ದವನು. ಇನ್ನೊಬ್ಬರ ನೀರು ಕದ್ದವನು ಅನ್ನಿಸಿಕೊಳ್ಳುವುದಕ್ಕಿಂತ ಅವನು ಊರನ್ನೇ ಬಿಟ್ಟಾನು. "ನನಗ ಖರೇನ ಗೊತ್ತಿರ್ಲಿಲ್ರಿ" ಅಂತ ಎದೆ ಮುಟ್ಟಿಕೊಂಡು ಹೇಳಿದ.

ಪಾಂಡಪ್ಪನ ಮಗಳು ವೈಶಾಲಿ ಜಮಖಂಡಿಯಲ್ಲಿ ಬಿ.ಎಸ್ಸಿ. ಓದುವವಳು. "ಕಾಕಾ, ಸಿಗ್ನಲ್ ಅಂದರ ನೀರಲ್ರಿ. ಎಷ್ಟ ಮಂದಿ ಹಿಡದ್ರೂ ಕಡಿಮಿ ಆಗೂದಿಲ್ಲ. ನಿಮ್ಮ ಆಂಟೆನಾ ಹಳೇದಾತು, ಅಷ್ಟ. ಶನಿವಾರ ನಮ್ಮನ್ಯಾಗ ಬಂದು ನೋಡ್ರಿ" ಅಂದಳು.

ಪಾಯಪ್ಪನಿಗೆ ಮೈಯೆಲ್ಲ ಉರಿಯಿತು. ಇಡೀ ಓಣಿಗೆ ಟೀವಿ ತೋರಿಸಿದ ಮನುಷ್ಯ, ತನ್ನ ಮುಖ ನೋಡಲಿಕ್ಕೆ ಪಾಂಡಪ್ಪನ ಹೊಸ್ತಿಲ ಮೇಲೆ ಕೂರಬೇಕೇ? ಬೀಳಗಿಯ ಬೀಗರಿಗೆ ಗೊತ್ತಾದರೆ ಏನಂದಾರು? ಅವನು ನೇರ ಹಣಮಪ್ಪನ ಮನೆಗೆ ನಡೆದ.

ಹಣಮಪ್ಪನಿಗೆ ಎಪ್ಪತ್ತೈದು. ಏತ ನೀರಾವರಿ ಸಂಘಕ್ಕೆ ಇಪ್ಪತ್ತು ವರ್ಷ ಅಧ್ಯಕ್ಷನಾಗಿ, ಯಾರ ಹೊಲಕ್ಕೆ ಯಾವ ತಾಸು ನೀರು ಅಂತ ಪಾಳಿ ಹಂಚಿದವನು. ಸಂಘ ಮುಚ್ಚಿ ಹತ್ತು ವರ್ಷವಾಗಿತ್ತು. ಅಂದಿನಿಂದ ಹಂಚಲಿಕ್ಕೆ ಏನೂ ಇಲ್ಲದೆ ಮನುಷ್ಯ ಒಣಗಿಹೋಗಿದ್ದ. ಮನೆಯಲ್ಲಿ ಮೊಮ್ಮಕ್ಕಳಿಗೆ ಬಿಸ್ಕೀಟು ಹಂಚಲು ಹೋದರೆ ಹೆಂಡತಿ ಭಾಗವ್ವ ಅದನ್ನೂ ಕಸಿದುಕೊಳ್ಳುತ್ತಿದ್ದಳು. ಪಾಯಪ್ಪನ ತಕರಾರು ಕೇಳಿದ್ದೇ ತಡ, ಅವನು ಟ್ರಂಕಿನಿಂದ ಹಳೆಯ ರಿಜಿಸ್ಟರ್ ತೆಗೆದ, ರುಮಾಲು ಸುತ್ತಿದ, ಕೋಲು ಹಿಡಿದು ಸ್ಥಳ ಪರಿಶೀಲನೆಗೆ ಹೊರಟೇಬಿಟ್ಟ.

"ನಿನ್ನ ಡಿಶ್ ಎಷ್ಟ ಫೂಟಿಂದು?" ಅಂತ ಪಾಂಡಪ್ಪನನ್ನು ಕೇಳಿದ.

"ಎರಡ ಫೂಟ ಇರ್ಬೇಕ್ರಿ."

"ಪಾಯಪ್ಪಾ, ನಿನ್ನ ಕಡ್ಡಿ?"

"ಕಿರಿಬೆರಳಿನಷ್ಟ ದಪ್ಪ ಕಾಕಾ."

"ಎರಡ ಫೂಟಿನ ಬಾಯಿ ಎಲ್ಲಿ, ಕಿರಿಬೆರಳ ಎಲ್ಲಿ! ಅಂಥಾವು ಏಳು! ನನ್ನ ಕಾಲದಾಗ ಆಗಿದ್ದರ ಏಳಕ್ಕೂ ಸೀಲ್ ಬೀಳ್ತಿತ್ತು."

ವೈಶಾಲಿ ಮತ್ತೆ ಬಾಯಿ ತೆರೆದಳು. ಹಣಮಪ್ಪ ಕೋಲೆತ್ತಿದ. "ತಂಗೀ, ನಿಮ್ಮ ಕಾಲೇಜಿನ್ಯಾಗ ಬ್ಯಾರೇಜ್ ಕಟ್ಟೂದು ಕಲಿಸ್ಯಾರೇನು?"

"ಇಲ್ಲ ಮುತ್ಯಾ."

"ಮತ್ತ ಸುಮ್ಕ ಕುಂದ್ರು."

ಗುರುವಾರ ಸಂಜೆ ಬಸದಿಯ ಕಟ್ಟೆಯ ಮೇಲೆ ಓಣಿಯ ಪಂಚಾಯ್ತಿ ಕೂತು ಠರಾವು ಆಯಿತು. ಶನಿವಾರ ಸಂಜೆ ಆರರಿಂದ ಏಳರವರೆಗೆ ಪಾಯಪ್ಪನ ಪಾಳಿ, ಆಗ ಓಣಿಯ ಏಳೂ ಡಿಶ್ ಬಂದ್ ಇರತಕ್ಕದ್ದು. ಏಳು ಮನೆಯವರೂ ರಿಜಿಸ್ಟರಿನಲ್ಲಿ ಸಹಿ ಹಾಕಿದರು. ಯಾರೂ ತಕರಾರು ಮಾಡಲಿಲ್ಲ. ಅಂಥ ನ್ಯಾಯವಂತರು! ಪಾಯಪ್ಪನ ಮನೆಯಲ್ಲಿ ಹೋಳಿಗೆ ಮಾಡಿಸುವ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು ಅಂತಲೂ ಹೇಳಬೇಕು.

ಡಿಶ್ ಬಂದ್ ಮಾಡುವುದು ಹೇಗೆ ಎನ್ನುವುದು ಪ್ರಶ್ನೆಯಾಯಿತು. ಟೀವಿ ಬಂದ್ ಮಾಡಿದರೆ ಸಾಲದು, ಪಂಪು ಸುಮ್ಮನೆ ಎಳೆಯುತ್ತಲೇ ಇರುತ್ತದೆ ಅಂತ ಹಣಮಪ್ಪನ ವಾದ. ಪಾಂಡಪ್ಪನ ಡಿಶ್ಶಿಗೆ ಒಂದು ಗೋಣಿಚೀಲ ಹೊದಿಸಿ ನೋಡಿದರು. ಕೆಳಗೆ ಟೀವಿಯಲ್ಲಿ ಹೆಣ್ಣುಮಗಳೊಬ್ಬಳು ಅತ್ತೆಯ ಮುಂದೆ ಅಳುತ್ತಲೇ ಇದ್ದಳು.

"ಸೋರಾಕತ್ತೈತಿ" ಅಂದ ಹಣಮಪ್ಪ. "ಬ್ಯಾರೇಜಿನ ಗೇಟಿಗೆ ಒಣಾ ಚೀಲ ಹಾಕ್ತಾರೇನ್ರೋ? ತೋಯಿಸ್ರಿ!"

ಚೀಲವನ್ನು ನಾಲ್ಕು ಮಡಿಕೆ ಮಾಡಿ, ಬಕೆಟ್ಟಿನಲ್ಲಿ ಅದ್ದಿ, ನೀರು ಸುರಿಯುವಂತೆಯೇ ಡಿಶ್ಶಿಗೆ ಬಿಗಿದರು. ಅಳುತ್ತಿದ್ದವಳ ಮುಖ ಚೌಕ ಚೌಕ ತುಂಡಾಗಿ, ನಿಂತು, ಕಪ್ಪಾಗಿಹೋಯಿತು. ಜನ ಹೋ ಅಂದರು. ಹಣಮಪ್ಪ ಮೀಸೆ ತಿರುವಿದ. ವೈಶಾಲಿ ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದಳು.

ಇತ್ತ ರಾಜಮತಿ ಶುಕ್ರವಾರ ಯಾರಿಗೂ ಹೇಳದೆ ಬನಹಟ್ಟಿಯಿಂದ ಡಿಶ್ ಕೂರಿಸುವ ವೀರೇಶನನ್ನು ಕರೆಸಿದ್ದಳು. ಅವನು ಡಬ್ಬಿ, ತಾಟು, ವಾಯರು ಎಲ್ಲ ಗಾಡಿಗೆ ಕಟ್ಟಿಕೊಂಡು ಬಂದ. "ಒಂದ ತಾಸಿನ್ಯಾಗ ಹಚ್ಚಿ ಕೊಡ್ತೇನ್ರಿ ಯಜಮಾನ್ರ, ಕನ್ನಡಿಯಂಗ ಬರ್ತೈತಿ."

"ಇದ್ದ ನೀರಾಗ ಎಂಟನೇ ಪಂಪ ಇಳಸಾಕ ಬಂದೀಯೇನು?" ಅಂತ ಪಾಯಪ್ಪ ಅವನ ಮೇಲೆ ಏರಿ ಹೋದ. "ನನ್ನಂಗ ಇನ್ನೊಬ್ಬ ಬಡವನ ಟೀವಿ ಒಣಗಬೇಕು ಹೌದಲ್ಲ? ನನ್ನ ಪಾಳಿ ನನಗ ಬಂದರ ಸಾಕು!"

ವೀರೇಶ ರಾಜಮತಿಯ ಮುಖ ನೋಡಿದ. ಅವಳು ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳು. "ನೀವು ಹೇಳಿದ್ದಽ ಖರೆ ಆಗ್ಲಿ ಬಿಡ್ರಿ" ಅಂತ ಗಂಡನಿಗೆ ಹೇಳಿ ಹೋಳಿಗೆಗೆ ಬೇಳೆ ನೆನೆಹಾಕಲು ಹೋದಳು. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ಪೈಪಿನ ವಿಷಯದಲ್ಲಿ ಅವಳು ಜಗಳ ಬಿಟ್ಟು ಬಹಳ ದಿನವಾಗಿತ್ತು.

ಶನಿವಾರ ಬಂತು. ಐದಕ್ಕೆ ಊಟ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಆರಕ್ಕೆ ಸರಿಯಾಗಿ ಹಣಮಪ್ಪ ಓಣಿಯಲ್ಲಿ ನಿಂತು ಸೀಟಿ ಊದಿದ. ಏಳು ಮಾಳಿಗೆಗಳ ಮೇಲೆ ಏಳು ಹಸಿ ಚೀಲ ಬಿದ್ದವು. ಅವನು ಮಾಳಿಗೆ ಮಾಳಿಗೆ ಹತ್ತಿ ಒಂದೊಂದನ್ನೂ ಕೋಲಿನಿಂದ ಚುಚ್ಚಿ ನೋಡಿ ರಿಜಿಸ್ಟರಿನಲ್ಲಿ ಗೀಟು ಹಾಕಿಕೊಂಡ. ಪಾಯಪ್ಪ ಕೋಟು ತೊಟ್ಟು, ಟೀವಿಗೆ ಮಾಲೆ ಹಾಕಿ, ಅದರ ಪಕ್ಕದ ಕುರ್ಚಿಯಲ್ಲಿ ಜನರ ಕಡೆ ಮುಖ ಮಾಡಿ ಕೂತ. ನೋಡುವವರು ಅವನನ್ನೂ ಪರದೆಯನ್ನೂ ಹೊಂದಿಸಿ ನೋಡಲಿ ಎಂಬ ಉದ್ದೇಶ.

ಆರೂವರೆ. ಟೀವಿ ಹಚ್ಚಿದರು. ಸರ್ರ್. ಬಿಳಿ ಹುಳ.

ಐದು ನಿಮಿಷ ಎಲ್ಲರೂ ಹುಳವನ್ನೇ ನೋಡಿದರು.

"ಕಾಲುವಿ ತುದಿಗೆ ನೀರ ಮುಟ್ಟಾಕ ಹೊತ್ತ ಹಿಡೀತೈತಿ" ಅಂದ ಹಣಮಪ್ಪ. "ತಡೀರಿ."

ತಡೆದರು. ಹೋಳಿಗೆಯ ಋಣ ತೀರಿಸಬೇಕೆಂಬ ಆತುರವೋ ಏನೋ, ಭಾಗವ್ವ ಮುಂದೆ ಬಾಗಿ ಕಣ್ಣು ಕಿರಿದು ಮಾಡಿದಳು. "ಏನೋ ಕಂಡಂಗಾತ್ರಿ. ಮೂಗ ಇರ್ಬೇಕು."

"ಯಾರ ಮೂಗು?" ಅಂತ ಪಾಯಪ್ಪ ಕುರ್ಚಿಯಿಂದಲೇ ಹೊರಳಿದ.

"ನಿಮ್ದಽ ರೀ. ಅಷ್ಟ ದೊಡ್ಡದು ಮತ್ತ್ಯಾರದು?"

ಆಮೇಲೆ ತಡವಿಲ್ಲದೆ ಒಬ್ಬರಿಗೆ ಕೋಟು ಕಂಡಿತು, ಒಬ್ಬರಿಗೆ ಕಬ್ಬು ಕಂಡಿತು. ಪಾಂಡಪ್ಪನೊಬ್ಬ ಮಾತ್ರ "ನನಗ ಏನೂ ಕಾಣವಲ್ದು, ನನ್ನ ಕಣ್ಣಾಗಽ ಏನೋ ಆಗೇತಿ" ಅಂತ ಕಣ್ಣು ಉಜ್ಜಿಕೊಂಡ. ಪಾಯಪ್ಪ ಕೋಟಿನಲ್ಲೇ ಮಾಳಿಗೆಗೆ ಓಡಿ ಪೈಪು ತಬ್ಬಿ ತಿರುವತೊಡಗಿದ. "ಬಂತೇನು?" ಅಂತ ಮೇಲಿನಿಂದ, "ಇನ್ನಾ ಸ್ವಲ್ಪ" ಅಂತ ಕೆಳಗಿನಿಂದ. ಏಳು ಗಂಟೆಯ ಸೀಟಿ ಆಗುವವರೆಗೂ ಇದೇ ನಡೆಯಿತು. ಪಾಳಿ ಮುಗಿಯಿತು. ಸರ್ರ್ ಅನ್ನುವ ಸಪ್ಪಳದ ಹೊರತು ಓಣಿಯಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಪಾಯಪ್ಪ ಜನ್ಮದಲ್ಲಿ ಮೊದಲ ಸಲ ಟೀವಿಯಲ್ಲಿ ಬರುವ ತಾಸಿಗೆ, ತನ್ನ ಓಣಿಯ ಅಷ್ಟೂ ಟೀವಿಗಳನ್ನು ತಾನೇ ಮುಂದೆ ನಿಂತು ಬಂದ್ ಮಾಡಿಸಿದ್ದ.

ಅದು ಅವನಿಗೆ ಹೊಳೆದದ್ದು ಮಾಳಿಗೆಯ ಮೆಟ್ಟಿಲು ಇಳಿಯುವಾಗ. ಅಳುವುದೊಂದೇ ಬಾಕಿ. ಅಷ್ಟರಲ್ಲಿ ಕೋಟಿನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಲೋಕಾಪುರದ ತಂಗಿ.

"ಅಣ್ಣಾ, ನೋಡಿದಿವೋ! ವೈನಿ ಏನ್ ಛಂದ ಮಾತಾಡ್ಯಾಳ! ಪೂರಾ ಹತ್ತ ನಿಮಿಷ ಬೀಜದ್ದಽ ತೋರಿಸಿದ್ರು!"

ಪಾಯಪ್ಪ ಮೆಟ್ಟಿಲ ಮೇಲೆಯೇ ಕೂತ. ದನಿ ತಗ್ಗಿಸಿ ಕೇಳಿದ. "ಮತ್ತ... ನಾ?"

"ನೀ ಎಲ್ಲಿ ಬಂದಿ ಅಣ್ಣಾ? ನೀ ಬರಲಿಲ್ಲಲ್ಲ."

"ನಲವತ್ತ ನಿಮಿಷ ಮಾತಾಡೇನವಾ ನಾ!"

"ಹೌದೇನು? ಒಂದ ಸೆಕೆಂಡ ಯಾರದೋ ಕೈ ಕಂಡಂಗಾತಪಾ. ತಡಿ, ಹೊರಗ ಯಾರೋ ಬಂದ್ರು" ಅಂತ ತಂಗಿ ಫೋನ್ ಇಟ್ಟಳು.

ಪಾಯಪ್ಪ ಎದುರಿನ ಮಾಳಿಗೆ ನೋಡಿದ. ಹಸಿ ಚೀಲದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆ ಚೀಲದ ಮೇಲೆ ಅವನಿಗೆ ಎಂದೂ ಇಲ್ಲದ ಪ್ರೀತಿ ಹುಟ್ಟಿತು. ಓಣಿಯಲ್ಲಿ ಯಾರೂ ನೋಡಿಲ್ಲ! ಒಬ್ಬ ನರಪಿಳ್ಳೆಯೂ ನೋಡಿಲ್ಲ! ಅವನು ಎದ್ದು ಕೋಟು ಝಾಡಿಸಿಕೊಂಡು, ಎದೆ ಮುಂದೆ ಮಾಡಿ ಪಡಸಾಲೆಗೆ ಬಂದ.

"ಲೋಕಾಪುರದಿಂದ ಫೋನ್ ಬಂದಿತ್ರಿ. ಪೂರಾ ಹತ್ತ ನಿಮಿಷ ತೋರಿಸ್ಯಾರಂತ!"

"ನಿಮ್ಮನ್ನಽ?" ಅಂದ ಪಾಂಡಪ್ಪ.

"ಮತ್ತ್ಯಾರನ್ನ? ಕಬ್ಬಿನ ಸಾಲ ಹೆಂಗ ಬಿಡಬೇಕು, ಗೊಬ್ಬರ ಯಾವಾಗ ಕೊಡಬೇಕು, ಒಂದ ಮಾತ ಬಿಟ್ಟಿಲ್ಲಂತ. ಕೋಟ ಭಾಳ ಒಪ್ಪಿತ್ತಂತ. ಪಾಪ, ನಿಮ್ಮ ನಸೀಬಿನ್ಯಾಗ ಇರ್ಲಿಲ್ಲ ನೋಡ್ರಿ!"

ಜನ ಲೊಚಗುಟ್ಟಿದರು. "ಪಾಳಿ ಕಟ್ಟುನಿಟ್ಟ ನಡೀತು, ನೀರ ಲೋಕಾಪುರಕ್ಕ ಹರೀತು" ಅಂತ ಹಣಮಪ್ಪ ರಿಜಿಸ್ಟರ್ ಮುಚ್ಚಿದ. ರಾಜಮತಿ ಬಾಗಿಲಲ್ಲಿ ನಿಂತು ಕೇಳಿದಳು. "ನಾ ಬೀಜದ್ದ ಹೇಳಿದ್ದು ಬಂದಿತ್ತಂತೇನ್ರಿ?"

ಪಾಯಪ್ಪ ಕೋಟಿನ ಗುಂಡಿ ನೋಡಿಕೊಂಡ. "ನಿಂದೇನೋ ಸ್ವಲ್ಪ ಬಂದಿತ್ತಂತ. ಕಡೀಕ. ಕೈ ಗಿಯ್ ಕಂಡ್ವಂತ."

ರಾಜಮತಿಯ ಮುಖ ಬಾಡಿತು. ತನ್ನನ್ನು ಹಾಗೆ ಕೂರಿಸಿ, ಕೈ ಕಟ್ಟಿ ಕೇಳಿದವರು ಜನ್ಮದಲ್ಲಿ ಆ ಟೀವಿಯವರೊಬ್ಬರೇ ಎನ್ನುವುದು ಅವಳ ಮನಸ್ಸಿನಲ್ಲಿತ್ತು. ಎಂಜಲ ತಾಟು ಬಳಿಯಲು ಬಾಗಿದಳು.

ಟಿಂಗ್ ಅಂತ ವೈಶಾಲಿಯ ಮೊಬೈಲು ಸಪ್ಪಳ ಮಾಡಿತು. ಲೋಕಾಪುರದ ತಂಗಿಯ ಮಗಳು ನೇಹಾ ಅವಳ ಕಾಲೇಜಿನ ಗೆಳತಿ. ಟೀವಿಯ ಮುಂದೆ ಮೊಬೈಲು ಹಿಡಿದು ಕಾರ್ಯಕ್ರಮ ಪೂರ್ತಿ ತೆಗೆದು ಕಳಿಸಿದ್ದಳು. ವೈಶಾಲಿ ಅದನ್ನು ಹಚ್ಚಿ, ಮಾಲೆ ಹಾಕಿದ ಟೀವಿಗೆ ಒರಗಿಸಿ ಇಟ್ಟಳು.

ಅಂಗೈಯಷ್ಟು ಪರದೆಯಲ್ಲಿ ರಾಜಮತಿ ಕೂತಿದ್ದಳು. ಸೆರಗು ಹೊದ್ದು, ಮುಂದೆ ಗಡಿಗೆ ಇಟ್ಟುಕೊಂಡು, ಒಂದಿಷ್ಟೂ ಹೆದರದೆ ಹೇಳುತ್ತಿದ್ದಳು: "ಮೊದಲನೇ ಕಾಯಿ ಬೀಜಕ್ಕ ಬಿಡಬೇಕ್ರಿ, ತಿನ್ನಾಕ ಆಶಾ ಮಾಡಬಾರ್ದು. ನಮ್ಮತ್ತಿ ಕೊಟ್ಟ ಬದನಿ ಇದು, ಮೂವತ್ತೆಂಟ ವರ್ಷ ಕೈ ಬಿಟ್ಟಿಲ್ಲ." ನಾಲ್ಕನೇ ನಿಮಿಷಕ್ಕೆ ಎಡಗಡೆಯಿಂದ ಕೋಟಿನ ತೋಳೊಂದು ಒಳಗೆ ಬಂತು. ಬೆರಳೆತ್ತಿ "ಅದನ್ನ ನಾ ಹೇಳ್ತೇನ್ರಿ" ಅಂತು. ಇನ್ನೊಂದು ಕೈ ಬಂದು ಅದನ್ನು ಮೆಲ್ಲಗೆ ಹೊರಗೆ ದಬ್ಬಿತು. ಮತ್ತೆ ರಾಜಮತಿ. ಕಡೆಯವರೆಗೂ ರಾಜಮತಿ.

ಎಲ್ಲರೂ ಪಾಯಪ್ಪನನ್ನು ನೋಡಿದರು. ಪಾಯಪ್ಪ ಆ ಮೊಬೈಲನ್ನು ನೋಡಿದ. ಅದಕ್ಕೆ ಕಡ್ಡಿ ಇಲ್ಲ, ತಾಟು ಇಲ್ಲ, ಚೀಲ ಎಲ್ಲಿ ಹೊದಿಸಬೇಕು?

"ಯವ್ವಾ, ಇಷ್ಟ ಮಾತು ನಾನಽ ಆಡೇನಿ?" ಅಂತ ರಾಜಮತಿ ತಾಟು ಕೆಳಗಿಟ್ಟು ಅಲ್ಲಿಯೇ ಕುಕ್ಕರಿಸಿದಳು. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಗಂಡ ಏನು ಹೇಳಿದ್ದ, ಏನು ಮುಚ್ಚಿದ್ದ ಅದರ ಖಬರು ಅವಳಿಗಿರಲಿಲ್ಲ. "ಇನ್ನೊಮ್ಮೆ ಹಚ್ಚ ವೈಶಾಲಿ."

"ಪಾಯಪ್ಪಾ, ಕಬ್ಬಿನ ಸಾಲಿಂದು ಎಲ್ಲೆ ಬಂತೋ?" ಅಂದ ಹಣಮಪ್ಪ. ಪಾಯಪ್ಪ ಕಂಬದ ಹಿಂದೆ ಸರಿದ.

ಎರಡನೇ ಸಲ ನೋಡಿದರು. ಮೂರನೇ ಸಲ ಭಾಗವ್ವ ಹೋಗಿ ಉಳಿದ ಹೆಂಗಸರನ್ನೂ ಕರೆತಂದಳು, ತಮಗೂ ಒಂದು ಮುಷ್ಟಿ ಬದನೆ ಬೀಜ ಬೇಕು ಅಂತ ಅವರು ರಾಜಮತಿಯನ್ನು ಮುತ್ತಿಕೊಂಡರು. ನಾಲ್ಕನೇ ಸಲಕ್ಕೆ ಪಾಯಪ್ಪ ಕಂಬದ ಈಚೆ ಬಂದಿದ್ದ. ಐದನೇ ಸಲ ಹೊಸದಾಗಿ ಬಂದ ಹೆಂಗಸರ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದವನು, ನಾಲ್ಕನೇ ನಿಮಿಷ ಬಂದ ಕೂಡಲೆ ಎಲ್ಲರನ್ನೂ ಸರಿಸಿ ಮುಂದೆ ನುಗ್ಗಿದ.

"ನಿಲ್ಸು, ನಿಲ್ಸು! ಇಲ್ಲೇ ನಿಲ್ಸವಾ ವೈಶಾಲಿ!"

ಚಿತ್ರ ನಿಂತಿತು. ಪಾಯಪ್ಪ ಗಂಟಲು ಸರಿಮಾಡಿಕೊಂಡು, ತನ್ನ ಬಲಗೈಯನ್ನು ಮೊಬೈಲಿನ ಪಕ್ಕಕ್ಕೆ ಹಿಡಿದ.

"ಎಲ್ಲಾರೂ ನೋಡ್ರಿ. ಆ ಕೈ ನಂದು. ಉಂಗುರಾ ನೋಡ್ರಿ ಬೇಕಾದ್ರ."

ಪಾಂಡಪ್ಪ ಬಗ್ಗಿ ಪರದೆಯ ಕೈಯನ್ನೂ ನೋಡಿದ, ಪಾಯಪ್ಪನ ಕೈಯನ್ನೂ ನೋಡಿದ.

"ಹೌದ್ರಿ ಸಾವ್ಕಾರ್ರ" ಅಂದ. "ಭಾಳ ಕ್ಲಿಯರ್ ಬಂದೈತ್ರಿ."